ಮೊದಲು ಬಡಿಸಿದ ಕೋಸಂಬರಿ

ಯಾವ ಕೆಲಸವನ್ನಾದರೂ ನಾನು ಹೇಗೋ ಮುಗಿಸಿಬಿಡುತ್ತೇನೆ; ಶುರು ಮಾಡುವುದೇ ನನಗೆ ಒಲಿಯದ ವಿದ್ಯೆ. ಕಾಗದ ಬರೆಯಲು ಕೂತರೆ ಮೊದಲ ಸಾಲಿಗೇ ಮಸಿ ಒಣಗುತ್ತದೆ. ತರಗತಿಯಲ್ಲಿ ಪಾಠಕ್ಕೆ ಮುಂಚೆ ನಾನು ಕೆಮ್ಮುವ ಕೆಮ್ಮು ಕೇಳಿ, ಮೇಷ್ಟ್ರಿಗೆ ಗೂರಲು ಇದೆಯೆಂದು ಮಕ್ಕಳು ಮನೆಯಲ್ಲಿ ಹೇಳಿ, ಯಾರೋ ಪುಣ್ಯಾತ್ಗಿತ್ತಿ ಆಡುಸೋಗೆ ಸೊಪ್ಪು ಕಳಿಸಿಕೊಟ್ಟದ್ದೂ ಉಂಟು. ಇಂಥ ನನ್ನ ತಲೆಯ ಮೇಲೆ, ಊಟವನ್ನು ಯಾವುದರಿಂದ ಶುರು ಮಾಡಿಸಬೇಕೆಂದು ತೀರ್ಮಾನಿಸುವ ಕೆಲಸ ಬಂದು ಬಿತ್ತು. ಅದೂ ಕ್ರಿಸ್‌ಮಸ್ ಊಟ. ಅದೂ ಪಕ್ಕದ ಮನೆಯ ರುದ್ರಪ್ಪನವರು ಮೊಟ್ಟಮೊದಲ ಸಲ ನಮ್ಮಲ್ಲಿ ಉಣ್ಣುವ ಊಟ.

ಆಗಿನ್ನೂ ನಮ್ಮ ಹಿಂದೂಪುರ ಮದರಾಸಿಗೆ ಸೇರಿತ್ತು. ರುದ್ರಪ್ಪನವರಿಗೆ ಪೇಟೆಯಲ್ಲಿ ಬೆಲ್ಲದ ಮಂಡಿ. ಲಿಂಗವಂತರು; ಕಂಡಕಂಡಲ್ಲಿ ನೀರನ್ನೂ ಮುಟ್ಟುವವರಲ್ಲ. ಯುಗಾದಿಗೆ ಅವರ ಮನೆಯಿಂದ ನಮಗೆ ಹೋಳಿಗೆ ಬರುತ್ತಿತ್ತು, ಕ್ರಿಸ್‌ಮಸ್‌ಗೆ ನಮ್ಮ ಮನೆಯಿಂದ ಅವರಿಗೆ ಕಜ್ಜಾಯ ಹೋಗುತ್ತಿತ್ತು. ಅದನ್ನವರು ನಗುನಗುತ್ತಲೇ ಇಸಿದುಕೊಂಡು ಹಸುವಿಗೆ ಹಾಕುತ್ತಿದ್ದರು. ಇದು ನಮಗೆ ಗೊತ್ತಿತ್ತು, ಏಕೆಂದರೆ ಹಸುವನ್ನು ಕಟ್ಟುತ್ತಿದ್ದುದು ನಮ್ಮ ಕಿಟಕಿಯ ಎದುರಿಗೇ. ಬೇಸರವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ಹೆಂಡತಿ ಸುಗುಣ ಪ್ರತಿ ಹಬ್ಬದಲ್ಲೂ ಆ ಕಿಟಕಿ ಮುಚ್ಚಿ ಒಳಗೆ ಹೋಗಿಬಿಡುತ್ತಿದ್ದಳು. ಆದರೆ ಆ ವರ್ಷ ರುದ್ರಪ್ಪನವರ ತಾಯಿ ಗಂಗಮ್ಮಜ್ಜಿ ಬಾವಿಕಟ್ಟೆಯಲ್ಲಿ ಜಾರಿ ಬಲಗೈ ಮುರಿದುಕೊಂಡರು. ಸೊಸೆ ಬಾಣಂತನಕ್ಕೆಂದು ತವರಿನಲ್ಲಿದ್ದಳು. ಸುಗುಣ ದಿನವೂ ಹೋಗಿ ಅಜ್ಜಿಯ ತಲೆ ಬಾಚಿ, ಅವರ ಮನೆಯ ಅನ್ನವನ್ನೇ ತುತ್ತು ಮಾಡಿ ಬಾಯಿಗಿಟ್ಟು ಬರುತ್ತಿದ್ದಳು. ಕೈ ಕೂಡಿಕೊಂಡ ಮೇಲೆ ಅಜ್ಜಿ ತಾವಾಗಿಯೇ ಅಂದರು: "ನಿನ್ ಕೈತುತ್ತು ತಿಂದಾದ್ಮೇಲೆ ಇನ್ನೇನು ಕಣಮ್ಮ? ಈ ಸಲ ನಿಮ್ಮ ಹಬ್ಬಕ್ಕೆ ನಾನೂ ನನ್ ಮಗನೂ ಬತ್ತೀವಿ. ಮಾಂಸ ಒಂದ್ ಬ್ಯಾಡ, ಗಡಿಗೆ ಹೊಸಾವು ಇರ್ಲಿ."

ಹೊಸ ಗಡಿಗೆಗಳು ಬಂದವು. ಅವುಗಳ ಹಿಂದೆಯೇ ಕಲ್ಯಾಣದುರ್ಗದಿಂದ ನನ್ನ ಮಾವ ದೇವಸಹಾಯಪ್ಪನವರೂ ಬಂದರು. ಅವರು ಅಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ಬಹುಕಾಲ ಬಟ್ಲರ್ ಆಗಿದ್ದವರು. ದೊರೆ ಸೀಮೆಗೆ ಹೊರಟುಹೋಗಿದ್ದರೂ ಬಂಗಲೆ ಮಾತ್ರ ಮಾವನ ಮೈಮೇಲಿಂದ ಇಳಿದಿರಲಿಲ್ಲ. ರಾಗಿಮುದ್ದೆಯನ್ನೂ ತೊಡೆಯ ಮೇಲೆ ಕರವಸ್ತ್ರ ಹಾಸಿಕೊಂಡೇ ನುಂಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅವರು ನನ್ನನ್ನು ಆ ಬಂಗಲೆಯ ಅಡುಗೆಮನೆಯಲ್ಲಿ ಕೂರಿಸಿ ಸೂಪು ಕುಡಿಸಿದ್ದುಂಟು. ಅಷ್ಟೇ ಊಟವೆಂದುಕೊಂಡ ನಾನು ಬಟ್ಟಲು ಬಟ್ಟಲು ಕೇಳಿ ಹೊಟ್ಟೆ ತುಂಬಿಸಿಕೊಂಡೆ. ಆಮೇಲೆ ಬಂದ ಕೋಳಿಯನ್ನು ಬರೀ ಕಣ್ಣಿನಿಂದ ತಿಂದೆ. ಮಾವ ಈಗಲೂ ಅದನ್ನು ನೆಂಟರ ಮುಂದೆ ಹೇಳುತ್ತಾರೆ.

ಕ್ರಿಸ್‌ಮಸ್‌ಗೆ ಮಾಂಸವಿಲ್ಲವೆಂದು ಕೇಳಿ ಮಾವ ಕರವಸ್ತ್ರವನ್ನು ಎರಡೆರಡು ಸಲ ಬಿಚ್ಚಿ ಮಡಚಿದರು. ಕೊನೆಗೆ, "ಸರೆಲೇ, ಪೋನೀ, ಹೋಗ್ಲಿ ಬಿಡಿ. ಸೊಪ್ಪೋ ಸದೆಯೋ, ಬಡ್ಸೋದಾದ್ರೂ ಮರ್ಯಾದೆಯಾಗಿ ಬಡ್ಸಾನ ಅಳಿಯಂದ್ರೇ. ಮೊದ್ಲು ಒಂದೇ ಒಂದು ಐಟಂ ಬರ್ಬೇಕು. ಅದು ಖಾಲಿ ಆದ್ಮೇಲೇ ಮಿಕ್ಕಿದ್ದು. ದೊಡ್ಡೋರ ಊಟ ಅಂದ್ರೆ ಅದು!" ಎಂದರು.

"ಎಲ್ಲಾನೂ ಒಟ್ಟಿಗೇ ಬಡ್ಸಿಬಿಡಾನ ರೀ, ಅವ್ರಿಗೆ ಅದೇ ಅಭ್ಯಾಸ," ಎಂದಳು ಸುಗುಣ. ನನಗೆ ಮಾತ್ರ ದೊಡ್ಡವರ ಊಟದ ಆಸೆ ಹತ್ತಿಬಿಟ್ಟಿತ್ತು. ಸರಿ, ಆ ಒಂದು ಐಟಂ ಯಾವುದು? ನಾನು ಮೆಣಸು ಹಾಕಿದ ತಿಳಿಸಾರು ಎಂದೆ. "ಅದನ್ನ ಕೊಟ್ಟು ಎದುರಿಗೆ ನಿಂತ್ರೆ, ನಮಗೇನು ಜ್ವರ ಬಂದೈತಾ ಅಂತಾರೆ," ಎಂದಳು. ಮಾವ ಹುರುಳಿಕಟ್ಟು ಎಂದರು. "ಮಂಡಿಗೆ ಬರೋ ಎತ್ತುಗಳಿಗೆ ಬೇಯ್ಸಿ ಹಾಕೋದು ಹುರುಳೀನೇ ಕಣಪ್ಪಾ!" ಎಂದು ಅದನ್ನೂ ತಳ್ಳಿಹಾಕಿದಳು. ಬೋಂಡ ಎಂದರೆ ಅಜ್ಜಿಗೆ ಹಲ್ಲಿಲ್ಲ. ಕೊನೆಗೆ ಹೆಸರುಬೇಳೆ ಕೋಸಂಬರಿ ಎಂದಾಯಿತು. ದೊರೆಯ ಮನೆಯಲ್ಲಿ ಇಂಥದ್ದಕ್ಕೇ ಸಲಾಡು ಎನ್ನುತ್ತಿದ್ದರೆಂದು ಮಾವ ಒಪ್ಪಿದರು. ಮಾತು ಮುಗಿದರೆ ಸಾಕೆಂದು ಸುಗುಣ ಒಪ್ಪಿದಳು. ತೀರ್ಮಾನದ ಹೊಣೆ ನನ್ನ ಮೇಲಿಲ್ಲವೆಂದು ನಾನು ಒಪ್ಪಿದೆ.

ಹಬ್ಬದ ದಿನ ಆರಾಧನೆ ಮುಗಿಸಿ ಬರುವಷ್ಟರಲ್ಲಿ ತಾಯಿ ಮಗ ಇಬ್ಬರೂ ಜಗುಲಿಯಲ್ಲಿದ್ದರು. ನಡುಮನೆಗೆ ಕರೆದು ಚಾಪೆಯ ಮೇಲೆ ಕೂರಿಸಿ ಮುತ್ತುಗದ ಎಲೆ ಹಾಕಿದೆವು. ಮಾವ ಹಳೆಯ ಬಿಳಿ ಕೋಟು ತೊಟ್ಟು ಬಂದು, ಎಲೆಗಳಿಗೆ ಕೋಸಂಬರಿ ಬಡಿಸಿ, ಕೈಯನ್ನು ಬೆನ್ನಿಗೆ ಕಟ್ಟಿಕೊಂಡು ಗೋಡೆಗೆ ಸರಿದು ನಿಂತರು. ನಾನೂ ಹಾಗೇ ನಿಂತೆ.

ಅಜ್ಜಿ ಎಲೆಯನ್ನೊಮ್ಮೆ ನೋಡಿ ಕೈಯನ್ನು ಮಡಿಲಲ್ಲಿಟ್ಟುಕೊಂಡರು. ರುದ್ರಪ್ಪನವರು ತೊಲೆ ನೋಡತೊಡಗಿದರು. ಯಾರೂ ಮುಟ್ಟಲಿಲ್ಲ. ನಾನು ಕೆಮ್ಮಿ, "ಸಂಕೋಚ ಬೇಡಿ, ತಗೊಳ್ಳಿ," ಎಂದೆ. ರುದ್ರಪ್ಪನವರು ಬಹಳ ಮೃದುವಾಗಿ, "ಆಗ್ಲಿ ಆಗ್ಲಿ ಮೇಷ್ಟ್ರೇ, ಏನವಸರ?" ಎಂದು ಮತ್ತೆ ತೊಲೆಯ ಕಡೆ ತಿರುಗಿದರು. ಅಜ್ಜಿ ಪ್ರೀತಿಯಿಂದ ಬರುತ್ತೇನೆ ಅಂದುಬಿಟ್ಟರು, ಎಲೆಯ ಮುಂದೆ ಕೂತ ಮೇಲೆ ಮನಸ್ಸು ಒಗ್ಗುತ್ತಿಲ್ಲ ಎಂದುಕೊಂಡೆ. ಉಣ್ಣದೆ ಎದ್ದರೆ ನಾಳೆ ಪೇಟೆಗೆಲ್ಲ ಸುದ್ದಿ. ಪೇಟೆ ಹಾಳಾಗಲಿ, ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತ ಸುಗುಣಳ ಮುಖ ನೋಡಲು ನನ್ನಿಂದಾಗಲಿಲ್ಲ. ಅವಳು ಬೆಳಗಿನ ಜಾವವೇ ಎದ್ದು, ಸ್ನಾನ ಮಾಡಿ, ಒಲೆ ಸಾರಿಸಿ ಅಡುಗೆ ಮಾಡಿದ್ದಳು. ಕೋಸಂಬರಿ ನೀರು ಬಿಡತೊಡಗಿತು. ಕಿಟಕಿಯಾಚೆಯಿಂದ ಹಸು ನನ್ನನ್ನೇ ನೋಡುತ್ತಿತ್ತು.

ಆಗ ಅಜ್ಜಿ ತಲೆಯೆತ್ತಿದರು. "ಏನ್ ಮೇಷ್ಟ್ರೇ, ಅನ್ನ ಇನ್ನೂ ಬೇಯ್ತಾ ಐತಾ? ಕೋಸುಂಬ್ರಿ ಇಕ್ಕಿ ಮಾವ ಅಳಿಯ ಇಬ್ರೂ ಗೋಡೆ ಹಿಡ್ಕೊಂಡ್ಬುಟ್ರಲ್ಲಾ! ಎಲೆ ತುಂಬ್ದೆ ಕೈ ಇಕ್ಕಾಕಾಯ್ತದಾ? ಹೊಟ್ಟೆ ಹಸ್ದು ಕಣ್ಣು ಕತ್ಲೆ ಬತ್ತಾ ಐತೆ ಕಣಪ್ಪಾ!"

ನನ್ನ ಎದೆಯ ಮೇಲಿಂದ ಬೆಲ್ಲದ ಮೂಟೆ ಇಳಿಸಿದಂತಾಯಿತು. ನಮ್ಮ ಕಡೆ ಎಲೆಗೆ ಎಲ್ಲವೂ ಬಂದು, ಅನ್ನಕ್ಕೆ ತುಪ್ಪ ಬಿದ್ದು, ಹಿರಿಯರು ಕೈಯಿಡುವವರೆಗೆ ಯಾರೂ ಒಂದು ಕಾಳು ಮುಟ್ಟುವುದಿಲ್ಲ. ಕೋಸಂಬರಿ ಮೊದಲು ಬಡಿಸುವುದು ನಿಜ, ಮೊದಲು ತಿನ್ನುವುದಲ್ಲ. ಈ ಊರಿನಲ್ಲೇ ಹುಟ್ಟಿ, ಕಂಡ ಮದುವೆಯ ಪಂಕ್ತಿಯಲ್ಲೆಲ್ಲ ಕೂತೆದ್ದ ನಾನು ಒಂದು ಬಿಳಿ ಕೋಟು ನೋಡಿ ಇಷ್ಟನ್ನೂ ಮರೆತಿದ್ದೆ. ನಾವು ಅವರು ಉಣ್ಣಲೆಂದು ಕಾಯುತ್ತಿದ್ದೆವು, ಅವರು ನಾವು ಬಡಿಸಲೆಂದು ಕಾಯುತ್ತಿದ್ದರು.

ಸುಗುಣ ಅಡುಗೆಮನೆಯೊಳಗೆ ಓಡಿಹೋಗಿ ನಕ್ಕ ನಗು ನಡುಮನೆಗೂ ಕೇಳಿಸಿತು. ಅನ್ನದ ಗಡಿಗೆ ಬಂತು, ತೊವ್ವೆ ಬಂತು, ಬದನೆಕಾಯಿ ಪಲ್ಯ, ಹೋಳಿಗೆ, ತುಪ್ಪ ಬಂದವು. ಎಲೆ ತುಂಬಿದ ಮೇಲೂ ಅಜ್ಜಿ ಕೈಯಿಡಲಿಲ್ಲ. "ನಿಮ್ ಸ್ವಾಮಿಗೆ ಕೈಮುಗೀರಿ ಮೇಷ್ಟ್ರೇ, ಹಬ್ಬ ನಿಮ್ದು," ಎಂದರು. ನಾನು ಕಣ್ಣು ಮುಚ್ಚಿದೆ. ಬಾಯಿಪಾಠವಾಗಿದ್ದ ಉದ್ದದ ಪ್ರಾರ್ಥನೆ ಒಂದಕ್ಷರವೂ ಬರಲಿಲ್ಲ. "ಸ್ತೋತ್ರ ಸ್ವಾಮೀ" ಎಂದಷ್ಟೇ ಹೇಳಿ ಮುಗಿಸಿದೆ. ಕಣ್ಣು ಬಿಟ್ಟಾಗ ಅಜ್ಜಿ, ಮುರಿದು ಕೂಡಿದ ಅದೇ ಕೈಯಿಂದ, ಅನ್ನ ಕಲಸುತ್ತಿದ್ದರು.

"ನೀವೂ ಕೂತ್ಕಳ್ಳಿ ಮೇಷ್ಟ್ರೇ," ಎಂದು ರುದ್ರಪ್ಪನವರು ಪಕ್ಕದಲ್ಲಿ ಜಾಗ ತೋರಿಸಿದರು. ಕೂತೆ. ಸುಗುಣ ನನ್ನ ಎಲೆಗೆ ಉಳಿದ ಕೋಸಂಬರಿಯನ್ನೆಲ್ಲ ಸುರಿದು, ಕೈಯನ್ನು ಬೆನ್ನಿಗೆ ಕಟ್ಟಿಕೊಂಡು ಗೋಡೆಗೆ ಸರಿದು ನಿಂತಳು. "ಅದು ಖಾಲಿ ಆಗ್ಲಿ ರೀ, ಆಮೇಕೆ ಮಿಕ್ಕಿದ್ದು," ಎಂದಳು. ಅಜ್ಜಿಗೆ ನಗು ತಡೆಯಲಾಗದೆ ನೆತ್ತಿಗೇರಿತು. ನಾನು ತಲೆ ತಗ್ಗಿಸಿ, ಬಿಟ್ಟಿದ್ದ ನೀರನ್ನೂ ಬಿಡದೆ ತಿಂದು ಮುಗಿಸಿ ನೋಡುತ್ತೇನೆ, ರುದ್ರಪ್ಪನವರ ಎಲೆಗೆ ಗಡಿಗೆಯ ಕೊನೆಯ ಸೌಟು ಅನ್ನ ಬೀಳುತ್ತಿತ್ತು. ಅಷ್ಟು ಹಸಿದುಕೊಂಡು, ಅಷ್ಟು ತೃಪ್ತಿಯಾಗಿ, ನಾನು ಬೇರೆ ಯಾವ ಊಟದಿಂದಲೂ ಎದ್ದಿಲ್ಲ.