ಹೊರೆಕಾಣಿಕೆಗೆ ಹೋದ ಸೌತೆಕಾಯಿ

ದೇವರಿಗೆ ಕೊಟ್ಟ ಮೇಲೆ ‘ಕೊಡಬಾರದಿತ್ತು’ ಎಂದುಕೊಳ್ಳುವುದು ಎಷ್ಟು ದೊಡ್ಡ ಪಾಪವೆಂದು ನನಗೆ ಗೊತ್ತಿಲ್ಲ. ಯಾರನ್ನಾದರೂ ಕೇಳೋಣವೆಂದರೆ, ನಮ್ಮ ದೇವಸ್ಥಾನದ ಅರ್ಚಕರು ನನ್ನನ್ನು ಊರಿನ ದೊಡ್ಡ ಭಕ್ತೆಯರ ಸಾಲಿನಲ್ಲಿ ಇಟ್ಟುಬಿಟ್ಟಿದ್ದಾರೆ. ಆ ಸಾಲಿನಿಂದ ಕೆಳಗಿಳಿಯಲು ನನಗೆ ಮನಸ್ಸಿಲ್ಲ. ಬೆಳಿಗ್ಗೆ ದೀಪ ಹಚ್ಚಿ ಕೈ ಮುಗಿಯುವಾಗ ಸಿಕ್ಕಿದ ಸಣ್ಣಪುಟ್ಟ ಭಾಗ್ಯಗಳನ್ನೆಲ್ಲ ಎಣಿಸುವುದು ನನ್ನ ರೂಢಿ. ಬಾವಿಯಲ್ಲಿ ನೀರಿದೆ, ಗಂಟುನೋವು ಒಂದೇ ಕಾಲಿಗೆ ಇದೆ, ಯಜಮಾನರ ಸಕ್ಕರೆ ಕಾಯಿಲೆ ಕಳೆದ ತಿಂಗಳು ಎಲ್ಲಿತ್ತೋ ಅಲ್ಲೇ ಇದೆ. ಹೀಗೆ ಎಣಿಸುತ್ತ ಸಾಗಿ ಇನ್ನೇನು ಸಮಾಧಾನವಾಯಿತು ಅನ್ನುವಷ್ಟರಲ್ಲಿ ಸೌತೆಕಾಯಿ ನೆನಪಾಗುತ್ತದೆ. ಅಲ್ಲಿಗೆ ಪ್ರಾರ್ಥನೆ ಮುಗಿಯುತ್ತದೆ.

ಸೌತೆಕಾಯಿ ಎಂದರೆ ಉಪ್ಪು ಹಚ್ಚಿ ಕಚಕಚ ತಿನ್ನುವುದಲ್ಲ. ಹುಳಿಗೆ ಹಾಕುವ, ಹಳದಿ ಬಣ್ಣಕ್ಕೆ ತಿರುಗಿದ ದಪ್ಪ ಸೌತೆಕಾಯಿ. ಕುಂಭಾಶಿಯಿಂದ ಸ್ವಲ್ಪ ಒಳಗಿರುವ ನಮ್ಮ ಊರಿನಲ್ಲಿ ಭತ್ತ ಕೊಯ್ದ ಗದ್ದೆಗಳಲ್ಲಿ ಅದನ್ನು ಬೆಳೆಯುತ್ತೇವೆ. ಬೆಳೆದದ್ದನ್ನು ಬಾಳೆಯ ನಾರಿನಲ್ಲಿ ಕಟ್ಟಿ ಮಾಡಿನ ಅಡ್ಡಮರಕ್ಕೆ ಸಾಲಾಗಿ ನೇತು ಹಾಕಿದರೆ ಮಳೆಗಾಲದವರೆಗೂ ಕೆಡುವುದಿಲ್ಲ. ಮೊದಲೆಲ್ಲ ದಲ್ಲಾಳಿ ಜಗಲಿಗೆ ಬಂದು ಕುಳಿತು, ನಮ್ಮದೇ ಮಜ್ಜಿಗೆ ಕುಡಿದು, ತಾನೇ ಒಂದು ರೇಟು ಹೇಳಿ ಹೇರಿಕೊಂಡು ಹೋಗುತ್ತಿದ್ದ. ಅದು ಬೇಡವೆಂದು ಊರಿನ ಹೆಂಗಸರೆಲ್ಲ ಸೇರಿ ತರಕಾರಿ ಬೆಳೆಗಾರರ ಸಹಕಾರ ಸಂಘ ಮಾಡಿದೆವು. ಅಧ್ಯಕ್ಷರನ್ನು ಆರಿಸುವ ದಿನ ಸಂಕಷ್ಟಿ. ನಾನು ಆನೆಗುಡ್ಡೆಯ ಗಣಪತಿ ದೇವಸ್ಥಾನಕ್ಕೆ ಹೋಗಿದ್ದೆ. ಪ್ರಸಾದ ಹಿಡಿದುಕೊಂಡು ಬಸ್ಸಿಳಿದರೆ ಎಲ್ಲರೂ ನಗುತ್ತ ನಿಂತಿದ್ದರು. ಸಭೆಯಲ್ಲಿ ಇದ್ದವರೆಲ್ಲ ‘ನನ್ನಿಂದಾಗದು’ ಎಂದಿದ್ದರಂತೆ. ಹಾಗೆ ಹೇಳಲು ಅಲ್ಲಿ ಇಲ್ಲದವಳು ನಾನೊಬ್ಬಳೇ. ನಾನು ಅದನ್ನು ಗಣಪತಿಯ ಅನುಗ್ರಹವೆಂದು ತಿಳಿದು ಒಪ್ಪಿಕೊಂಡೆ. ಅವನು ಬೇರೇನೋ ಹೇಳುತ್ತಿದ್ದನೋ ಏನೋ.

ಅಧ್ಯಕ್ಷೆ ನಾನಾದರೂ ಸಂಘ ನಡೆಯುತ್ತಿದ್ದದ್ದು ಗಿರಿಜಳಿಂದ. ಅವಳ ಗಂಡ ಗಂಗೊಳ್ಳಿಯಲ್ಲಿ ಮೀನಿನ ಬೋಟಿಗೆ ಹೋಗುತ್ತಿದ್ದವನು, ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡು ಮನೆಯಲ್ಲೇ ಇದ್ದ. ಸಂಘದ ಕಾರ್ಯದರ್ಶಿ ಕೆಲಸಕ್ಕೆ ಸಿಗುತ್ತಿದ್ದ ಸಂಬಳದಲ್ಲೇ ಅವರ ಮನೆ ನಡೆಯಬೇಕು; ಆ ಸಂಬಳ ಮಾರಾಟದ ಕಮಿಶನ್ನಿನಿಂದ ಹುಟ್ಟಬೇಕು. ಅದಕ್ಕೇ ಅವಳು ಬಿಸಿಲಿನಲ್ಲಿ ಕುಂದಾಪುರದ ಅಂಗಡಿ ಅಂಗಡಿ ತಿರುಗಿದಳು. ಎಲ್ಲರಿಗೂ ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ತರಕಾರಿಯೇ ಅಗ್ಗ. ಕೊನೆಗೆ ಅಡುಗೆ ಕಂತ್ರಾಟು ಮಾಡುವ ಹೊಳ್ಳರು ಒಪ್ಪಿದರು: ವೈಶಾಖದ ಮದುವೆಗಳು ಸಾಲಾಗಿ ಇವೆ, ಸೀಸನ್ ಪೂರ್ತಿ ಸೌತೆಕಾಯಿ ನಿಮ್ಮಲ್ಲೇ ತೆಗೆದುಕೊಳ್ಳುತ್ತೇನೆ ಎಂದರು. ಅವರು ಬಂದಾಗ ನಮ್ಮ ಮನೆಯ ಅಡ್ಡಕ್ಕೆ ನೇತಾಡುತ್ತಿದ್ದ ಸೌತೆಕಾಯಿಯ ಸಾಲು ತೋರಿಸಿ, ಇದು ಎಷ್ಟು ದಿನ ಇಟ್ಟರೂ ಹಾಳಾಗುವುದಿಲ್ಲವೆಂದು ಹೊಗಳಿದವಳು ನಾನೇ. ವ್ಯಾಪಾರದಲ್ಲಿ ನನಗೂ ಜಾಣತನವಿದೆ ಎಂದು ಅಂದು ಬಹಳ ಹೆಮ್ಮೆಯಾಗಿತ್ತು.

ಅಷ್ಟರಲ್ಲಿ ನಮ್ಮ ದೇವಸ್ಥಾನದ ಪುನಃಪ್ರತಿಷ್ಠೆಯ ಬ್ರಹ್ಮಕಲಶೋತ್ಸವ ಬಂತು. ನಮ್ಮ ಕಡೆ ಬ್ರಹ್ಮಕಲಶವೆಂದರೆ ಹೊರೆಕಾಣಿಕೆ ಇದ್ದದ್ದೇ. ಊರೂರಿನವರು ಅಕ್ಕಿ, ತೆಂಗಿನಕಾಯಿ, ತರಕಾರಿಗಳನ್ನು ವಾಹನಕ್ಕೆ ತುಂಬಿ, ಚೆಂಡೆ ವಾದ್ಯದೊಂದಿಗೆ ಮೆರವಣಿಗೆಯಲ್ಲಿ ತಂದು ಅನ್ನಸಂತರ್ಪಣೆಗೆ ಒಪ್ಪಿಸುತ್ತಾರೆ. ಪಕ್ಕದ ಊರಿನ ಭಜನಾ ಮಂಡಳಿಯವರು ಒಂದು ಲಾರಿ ಕುಂಬಳಕಾಯಿ ಕಳಿಸುತ್ತಾರಂತೆ ಎಂಬ ಸುದ್ದಿ ಬಂದದ್ದೇ ತಡ, ನನಗೆ ಕುಳಿತಲ್ಲಿ ಕುಳಿತುಕೊಳ್ಳಲಾಗಲಿಲ್ಲ. ತುರ್ತು ಸಭೆ ಕರೆದೆ. ನಮ್ಮ ಸಂಘದ ಹೆಸರಿನಲ್ಲಿ ಒಂದು ಟೆಂಪೊ ತುಂಬ ಸೌತೆಕಾಯಿ ಹೋಗಬೇಕು, ಒಂದೂ ಸಣ್ಣದು ಇರಬಾರದು, ಎಂದೆ. ಸಂಘದ ವ್ಯಾಪಾರದ ಸಭೆಗೆ ಎಂಟು ಜನ ಬಂದರೆ ಹೆಚ್ಚು. ಅವತ್ತು ಕೂರಲು ಚಾಪೆ ಸಾಲಲಿಲ್ಲ. ಎಲ್ಲರೂ ಹೂಂ ಎಂದರು. ಗಿರಿಜ ಮಾತ್ರ ಪುಸ್ತಕ ಮಡಚಿ ಮೆಲ್ಲಗೆ ಕೇಳಿದಳು:

“ಅಕ್ಕಾ, ದೇವಸ್ಥಾನದ ಅಡ್ಗಿಯೂ ಹೊಳ್ಳರದ್ದೇ ಅಲ್ದಾ? ಈಗ ಧರ್ಮಕ್ಕೆ ಕೊಟ್ರೆ, ಮತ್ತೆ ದುಡ್ಡ್ ಕೊಟ್ಟ್ ತಕಂತ್ರಾ?”

ದೇವರ ಕಾರ್ಯದಲ್ಲಿ ವ್ಯಾಪಾರದ ಮಾತು ತರಬಾರದು ಎಂದು ನಾನು ಗಂಭೀರವಾಗಿ ಹೇಳಿದೆ. ಹತ್ತಿರ ಕೂತಿದ್ದ ಪದ್ದಕ್ಕ, “ಹೌದ್ ಮರಾಯ್ತಿ, ದೇವ್ರ ಹತ್ರವೂ ಬಿಲ್ ಕೇಂತ್ಯಾ ನೀನ್?” ಎಂದದ್ದಕ್ಕೆ ಚಾಪೆಯವರೆಲ್ಲ ನಕ್ಕರು. ಗಿರಿಜಳೂ ನಕ್ಕಳು, ನಗದೆ ಇರಲು ಬರುವುದಿಲ್ಲ, ಅಷ್ಟು ಜನ ನಗುವಾಗ.

ಮೆರವಣಿಗೆಯ ದಿನ ಟೆಂಪೊದ ಮುಂದೆ ಸಂಘದ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಕೈ ಮುಗಿದ ನನ್ನ ಫೋಟೊ. ತಂಗಿಯ ಮಗಳ ಮದುವೆಯಲ್ಲಿ ಬೀಗರನ್ನು ಎದುರುಗೊಳ್ಳುವಾಗ ತೆಗೆದದ್ದು, ಮುಖದಲ್ಲಿ ಭಕ್ತಿಗಿಂತ ದಣಿವೇ ಹೆಚ್ಚು. ಒಂದೊಂದು ಮನೆಯವರೂ ಅಡ್ಡದಿಂದ ದೊಡ್ಡ ದೊಡ್ಡದನ್ನೇ ಇಳಿಸಿ ತಂದಿದ್ದರು. ನಾನಂತೂ ಹುಳಿಗೆಂದು ನಾಲ್ಕನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಕೊಟ್ಟೆ. ನಮ್ಮ ಟೆಂಪೊ ಕಂಡು ಕುಂಬಳಕಾಯಿಯವರ ಮುಖ ಸಣ್ಣದಾಯಿತು ಎಂದು ಪದ್ದಕ್ಕ ಹೇಳಿದಳು. ವೇದಿಕೆಗೆ ಕರೆದು ನನಗೊಂದು ಶಾಲು ಹೊದೆಸಿದರು. ಅವತ್ತಿನ ಬೆವರಿನಲ್ಲಿ ಶಾಲು ಹೊದ್ದುಕೊಂಡೇ ಊಟಕ್ಕೆ ಕೂತೆ.

ಎಷ್ಟೇ ಜನ ಉಂಡರೂ ಹೊರೆಕಾಣಿಕೆ ಮುಗಿಯುವುದಿಲ್ಲ. ಉಳಿದದ್ದನ್ನು ಕೊನೆಯ ದಿನ ಹರಾಜು ಕೂಗಿ ಏಲಂ ಹಾಕುವುದು ಎಲ್ಲ ಕಡೆಯೂ ಇರುವ ಕ್ರಮ. ಬಸಳೆ, ತೊಂಡೆಕಾಯಿ ಬಾಡಿ ಹೋಗಿದ್ದವು. ಹೊಳೆಯುತ್ತ ಕೂತಿದ್ದದ್ದು ನಮ್ಮ ಸೌತೆಕಾಯಿ ಮಾತ್ರ. ದೇವರ ವಸ್ತು ಯಾರಿಗೆ ಹೋಗುತ್ತದೋ ನೋಡೋಣವೆಂದು ನಾನೂ ನಿಂತಿದ್ದೆ. ಹೊಳ್ಳರು ಕೂಗಿದರು, ಎದುರು ಕೂಗುವವರಿರಲಿಲ್ಲ. ಅಷ್ಟನ್ನೂ ಹೇರಿಸಿಕೊಂಡು ಹೊರಟವರು ನನ್ನನ್ನು ಕಂಡು ವಾಹನ ನಿಲ್ಲಿಸಿ ಕೈ ಮುಗಿದರು.

“ನೀವ್ ಹೇಳಿದ್ದ್ ಸಮ ಕಾಣಿ. ಒಂದೂ ಹಾಳಾಯಿಲ್ಲ. ಇನ್ನ್ ಈ ಸೀಸನ್ನಿಗೆ ನಂಗೆ ಇದೇ ಸಾಕ್. ದೇವ್ರ ಪ್ರಸಾದದ್ದ್ ಅಂದ್ರೆ ಮದಿ ಮನಿಯವ್ರಿಗೂ ಖುಷಿ.”

ಅವರ ಮಾತಿನಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ. ಅದೇ ಕಷ್ಟ. ಮೋಸ ಮಾಡಿದ್ದರೆ ಬಯ್ಯಬಹುದಿತ್ತು. ನಾನು “ಒಳ್ಳೇದಾಯ್ತ್” ಎಂದು ಹೇಳಿ ಮನೆಗೆ ಬಂದೆ. ದೇವರಿಗೆ ಕೊಟ್ಟೆವು, ದೇವಸ್ಥಾನ ಮಾರಿತು, ನಮ್ಮ ಗಿರಾಕಿ ಕೊಂಡರು. ಎಲ್ಲರೂ ಸರಿಯಾಗಿಯೇ ನಡೆದುಕೊಂಡಿದ್ದರು. ಯಜಮಾನರಿಗೆ ಹೇಳಿದರೆ ಪೇಪರಿನಿಂದ ತಲೆ ಎತ್ತದೆ, ನಿಮ್ಮ ಸಂಘಕ್ಕೆ ಒಳ್ಳೆ ಪ್ರಚಾರ ಸಿಕ್ಕಿತಲ್ಲ ಎಂದರು.

ಮನೆಗಳಲ್ಲಿ ಉಳಿದಿದ್ದ ಸಣ್ಣ ಕಾಯಿಗಳನ್ನು ಕೊಳ್ಳುವವರಿರಲಿಲ್ಲ. ದಲ್ಲಾಳಿ ಮತ್ತೆ ಜಗಲಿಗೆ ಬಂದ. ನಾಚಿಕೆಯಿಂದ ಈ ಸಲ ಮಜ್ಜಿಗೆಗೆ ಒಗ್ಗರಣೆಯನ್ನೂ ಹಾಕಿ ಕೊಟ್ಟೆವು. ಸಂಘಕ್ಕೆಂದು ಕೊಂಡಿದ್ದ ತೂಕದ ಯಂತ್ರದ ಸಾಲದ ಕಂತು ಹೇಗೋ ಕಟ್ಟಿದೆವು. ಕಮಿಶನ್ ಇಲ್ಲದ ಮೇಲೆ ಗಿರಿಜಳ ಸಂಬಳ ಎಲ್ಲಿಂದ ಬರಬೇಕು? ಎರಡು ತಿಂಗಳು ಕಾದು, ಅವಳು ಕುಂದಾಪುರದ ಒಂದು ಗೇರುಬೀಜದ ಕಾರ್ಖಾನೆಗೆ ಸೇರಿದಳು. ಸಂಘದ ಕೋಣೆಯ ಬೀಗದ ಕೈ ಕೊಡಲು ಬಂದವಳನ್ನು ಕೂರಿಸಿ ಕಾಫಿ ಕೊಟ್ಟೆ. ಅವಳ ಬೆರಳುಗಳು ಆಗಲೇ ಗೇರುಬೀಜದ ಸೊನೆಗೆ ಕಪ್ಪಾಗಿದ್ದವು. ಅವಳು ಬಯ್ದುಬಿಟ್ಟರೆ ಒಳ್ಳೆಯದೆಂದು ನಾನೇ ಮಾತು ತೆಗೆದೆ. ನೀನು ಅವತ್ತೇ ಹೇಳಿದ್ದೆ, ನಾನು ಕೇಳಲಿಲ್ಲ, ಸಿಟ್ಟಿದ್ದರೆ ಹೇಳಿಬಿಡು ಎಂದೆ.

“ಸಿಟ್ಟ್ ಎಂತಕೆ ಅಕ್ಕಾ? ನಾನೂ ಹತ್ತ್ ಕಾಯಿ ಕೊಟ್ಟಿದ್ದೆ ಅಲ್ದಾ ಟೆಂಪೊಕ್ಕೆ.”

ನನಗೆ ಅದು ಗೊತ್ತೇ ಇರಲಿಲ್ಲ. ಅವಳಿಗೆ ಗದ್ದೆಯೇ ಇಲ್ಲ. ಎಲ್ಲಿಂದ ತಂದೆ ಎಂದು ಕೇಳಿದೆ. ಪದ್ದಕ್ಕನ ಮನೆಯಿಂದ ಕ್ರಯಕ್ಕೆ ತಂದದ್ದಂತೆ. ಸಂಘದ ಹೆಸರಿನ ಟೆಂಪೊ ಹೋಗುವಾಗ ಕಾರ್ಯದರ್ಶಿ ಬರಿಗೈಯಲ್ಲಿ ನಿಂತರೆ ಅಧ್ಯಕ್ಷರಿಗೆ ಅವಮಾನವಲ್ಲವೇ ಎಂದಳು. ಕಾಫಿ ಕುಡಿದು, ಲೋಟ ತಾನೇ ತೊಳೆದಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೋದಳು.

ಆ ಸೀಸನ್ನಿನಲ್ಲಿ ಇಡೀ ಊರಿನಲ್ಲಿ ನಮ್ಮ ಸೌತೆಕಾಯಿಗೆ ನ್ಯಾಯವಾದ ಬೆಲೆ ಕೊಟ್ಟು ಕೊಂಡವಳು ಅವಳೊಬ್ಬಳೇ. ನಾನು ಕೊಟ್ಟದ್ದನ್ನು ದೇವರು ಭಕ್ತಿಯೆಂದೇ ಬರೆದುಕೊಂಡಿರಲಿ, ತಕರಾರಿಲ್ಲ. ಅವಳ ಹತ್ತನ್ನು ಯಾವ ಹೆಸರಿನಲ್ಲಿ ಬರೆದುಕೊಂಡಿದ್ದಾನೆ ಎಂದು ಕೇಳುವ ಧೈರ್ಯವಿಲ್ಲದೆ, ಈಗೀಗ ದೀಪ ಹಚ್ಚಿದವಳು ಬೇಗ ಕೈ ಮುಗಿದು ಎದ್ದುಬಿಡುತ್ತೇನೆ. ಮನೆಯವರೆಲ್ಲ ಗಂಟುನೋವು ಜೋರಾಗಿದೆ ಎಂದುಕೊಂಡಿದ್ದಾರೆ.