ಅನ್ನನಾಳದ ಉಪವಾಸ

ಆಸ್ಪತ್ರೆಯವರು ಫೋನಿನಲ್ಲಿ "ನಾಳೆ ಒಂಬತ್ತಕ್ಕೆ ಉಪವಾಸವಿದ್ದು ಬನ್ನಿ" ಎಂದದ್ದೇ ಎಡವಟ್ಟಾಯಿತು. ಹೊಟ್ಟೆಗೆ ಏನೂ ಹಾಕಬೇಡಿ ಎಂದಿದ್ದರೆ ಉಲ್ಲಾಳದ ಮುನಿರಾಮಯ್ಯನಿಗೆ ಅರ್ಥವಾಗುತ್ತಿತ್ತು.

ವರ್ಷಗಟ್ಟಲೆ ಹೊಟ್ಟೆಯ ಹುಳಿ ಮೇಲಕ್ಕೆ ಉಕ್ಕಿ ಉಕ್ಕಿ ಅವನ ಅನ್ನನಾಳದ ಒಳಪದರವೇ ಬದಲಾಗಿತ್ತು. "ಇದು ಕ್ಯಾನ್ಸರ್ ಅಲ್ಲ, ಆದ್ರೆ ಅದರ ಬೀದೀಲೇ ಇದೆ" ಎಂದಿದ್ದರು ಡಾಕ್ಟರು. ಅಂದಿನಿಂದ ಹೊಗೆಸೊಪ್ಪು ಬಿಟ್ಟ. ಏಳಕ್ಕೇ ಊಟ ಮುಗಿಸಿದ. ಮಂಚದ ತಲೆಗಡೆ ಇಟ್ಟಿಗೆ ಕೊಟ್ಟು, ಜಾರುಬಂಡೆಯ ಮೇಲಿನ ಮೂಟೆಯಂತೆ ದಿನಾ ಕೆಳಕ್ಕೆ ಜಾರುತ್ತ ಮಲಗಿದ. ಆದರೂ ಈಚೆಗೆ ಮುದ್ದೆ ನುಂಗಿದರೆ ಎದೆಯಲ್ಲಿ ತಡೆದು ನಿಲ್ಲುತ್ತಿತ್ತು. ಗಂಟಲಿಗೆ ಕೊಳವೆ ಇಳಿಸಿ, ಒಳಪದರದ ಚೂರು ತೆಗೆದು ನೋಡಬೇಕು. ಕೆಡಲು ಶುರುವಾಗಿದ್ದರೆ ಈಗಲೇ ಸುಟ್ಟು ತೆಗೆಯಬಹುದು, ತಡವಾದರೆ ಆಗದು.

ಪಕ್ಕದ ಮನೆಯ ಜಯದೇವಿ ಗದಗದ ಕಡೆಯವಳು. ವ್ರತದ ವಿಷಯದಲ್ಲಿ ಇಡೀ ಬೀದಿಗೆ ಅವಳೇ ಪಂಚಾಂಗ.

"ಉಪವಾಸ ಅಂದ್ರ ಅನ್ನ ಉಣಬಾರ್ದು, ಅಷ್ಟರೀ ಅಣ್ಣಾರ. ಸಾಬುದಾಣಿ ನಡೀತೈತಿ!"

ಬೆಳಿಗ್ಗೆ ಏಳಕ್ಕೆ ಡಬ್ಬಿ ತುಂಬ ಸಬ್ಬಕ್ಕಿ ಉಪ್ಪಿಟ್ಟು ಬಂತು. ಹೆಂಡತಿ ಬೋರಮ್ಮ ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಸೇರಿಸಿದಳು. ಮುನಿರಾಮಯ್ಯ ಹಬ್ಬದ ದಿನವೂ ಬೆಳಿಗ್ಗೆ ಅಷ್ಟು ತಿಂದವನಲ್ಲ.

ಮೂವರೂ ವಿಜಯನಗರದ ಆಸ್ಪತ್ರೆಗೆ ಬಂದರು. ನರ್ಸ್ ರಂಜಿನಿ ಕೇಳಿದಳು: "ಏನೂ ತಿಂದಿಲ್ಲ ತಾನೆ ಅಂಕಲ್?"

"ಇಲ್ಲಮ್ಮ, ಉಪವಾಸ. ಬರೀ ಸಾಬುದಾಣಿ, ಬಾಳೆಹಣ್ಣು, ಹಾಲು. ಅನ್ನ ಮುಟ್ಟಿಲ್ಲ."

ರಂಜಿನಿ ಪೆನ್ನು ಕೆಳಗಿಟ್ಟಳು. "ಅಯ್ಯೋ, ಇದೇನು ಟೆಸ್ಟಾ, ಶಿವರಾತ್ರಿನಾ? ಮಲಗಿಸಿದಾಗ ಅದೆಲ್ಲ ಮೇಲೆ ಬಂದು ಶ್ವಾಸಕೋಶಕ್ಕೆ ಹೋದ್ರೆ?"

"ದೇವರಿಗೆ ನಡಿಯೋದು ನಿಮಗ ನಡಿಯಂಗಿಲ್ಲೇನ್ರೀ?" ಎಂದಳು ಜಯದೇವಿ.

ಇವತ್ತು ತಪ್ಪಿದರೆ ಮುಂದಿನ ಸರದಿಗೆ ಇನ್ನು ಏಳು ವಾರ ಕಾಯಬೇಕು. ಮುನಿರಾಮಯ್ಯ ಕೈಮುಗಿದು ನಿಂತ. ರಂಜಿನಿಗೆ ಕನಿಕರ ಬಂತು. "ನಾಲ್ಕು ಗಂಟೆಗೆ ಕೊನೇದಾಗಿ ಹಾಕ್ತೀನಿ. ಅಲ್ಲೀವರೆಗೆ ಒಂದು ಹನಿ ನೀರೂ ಕುಡೀಬೇಡಿ. ಐದಕ್ಕೆ ಡಾಕ್ಟರು ಹೊರಟುಹೋಗ್ತಾರೆ."

ಮುನಿರಾಮಯ್ಯ ತುಟಿ ಹೊಲಿದುಕೊಂಡವನಂತೆ ಬೆಂಚಿನ ಮೇಲೆ ಕೂತ. ಪಕ್ಕದಲ್ಲಿ ಬೋರಮ್ಮ. ಹಳೆಯ ಗೆಳೆಯನೊಬ್ಬ ಎದುರಾಗಿ, "ಟೀ ಏನ್ ಊಟಾನಾ? ಬಾರಯ್ಯ" ಎಂದು ರಟ್ಟೆ ಹಿಡಿದೆಳೆದ. ಕಂಬ ಅಲುಗಾಡಿದರೂ ಇವನು ಅಲುಗಾಡಲಿಲ್ಲ. ಜಯದೇವಿ ಎರಡೆಸಳು ತುಳಸಿ ಕೊಟ್ಟಳು, ಜೇಬಿಗೆ ಹಾಕಿಕೊಂಡ. ಬೇಸರವಾಗಿ ಅವಳು ಮನೆಗೆ ಹೊರಟಳು. ಒಂದು ಗಂಟೆಗೆ ಮುನಿರಾಮಯ್ಯ ಎದ್ದುಹೋಗಿ ಕೇಳಿದ: "ಸಿಸ್ಟರ್, ಎಂಜಲು ನುಂಗಬಹುದಾ?"

ನಾಲ್ಕಕ್ಕೆ ಒಳಗೆ ಕರೆದರು. ಹಸಿರು ನಿಲುವಂಗಿ ತೊಡಿಸಿ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿಸಿದರು.

"ಜೊತೆಗೆ ಬಂದಿರೋರು ಸೈನ್ ಹಾಕ್ಬೇಕು. ಮಂಪರಿನ ಇಂಜೆಕ್ಷನ್ ಕೊಡ್ತೀವಿ, ಮನೆಗೆ ಕರ್ಕೊಂಡ್ ಹೋಗೋರು ಇಲ್ದಿದ್ರೆ ಡಾಕ್ಟರು ಮುಟ್ಟಲ್ಲ" ಎನ್ನುತ್ತ ರಂಜಿನಿ ಹೊರಗೆ ಹೋದಳು. ಮರುಕ್ಷಣವೇ ಅವಳ ಕೂಗು ಕೇಳಿಸಿತು.

ಬೋರಮ್ಮ ಬೆಂಚಿನಿಂದ ಕೆಳಗೆ ಜಾರಿ ಬಿದ್ದಿದ್ದಳು. ಸಕ್ಕರೆ ಕಾಯಿಲೆಯ ಹೆಂಗಸು. ಬೆಳಿಗ್ಗೆ ಮಾತ್ರೆ ನುಂಗಿದ್ದೊಂದೇ. ಗಂಡನ ಪರೀಕ್ಷೆ ಒಳ್ಳೆಯದಾಗಲೆಂದು ಹರಕೆ ಹೊತ್ತು, ಆಮೇಲೆ ಒಂದು ಹನಿ ನೀರೂ ಕುಡಿಯದೆ ನಿಜವಾದ ಉಪವಾಸ ಮಾಡಿದ್ದಳು.

"ಶುಗರ್ ನಲವತ್ತೆರಡು! ಮಂಚ ಖಾಲಿ ಮಾಡ್ರಿ!" ಎಂದರು ಡಾಕ್ಟರು.

ಮುನಿರಾಮಯ್ಯನನ್ನು ಇಳಿಸಿ, ಅದೇ ಮಂಚಕ್ಕೆ ಬೋರಮ್ಮನನ್ನು ಹಾಕಿ ಗ್ಲೂಕೋಸ್ ಏರಿಸಿದರು. ನಿಲುವಂಗಿಯ ಹಿಂಬದಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ, ತನಗೆ ಸೈನ್ ಹಾಕಲು ಬಾ ಎಂದು ಅವನು ಜಯದೇವಿಗೆ ಫೋನ್ ಮಾಡಿದ.

"ಬಂದೆ ತಡೀರಿ ಅಣ್ಣಾರ, ಒಂದು ತಾಸಿನ್ಯಾಗ!"

ಐದಾಯಿತು. ಡಾಕ್ಟರು ಬ್ಯಾಗ್ ಹಿಡಿದು ಹೊರಟರು. ರಂಜಿನಿ ಒಂದು ಕಾಗದ ಮುಂದಿಟ್ಟಳು. "ಪೇಷಂಟ್ ಬೋರಮ್ಮ. ಜೊತೆಗೆ ಬಂದಿರೋರು ಇಲ್ಲಿ ಸೈನ್ ಹಾಕಿ, ಅಂಕಲ್."

ಅವನು ಹಾಕಿದ. ಬೋರಮ್ಮ ನಿಧಾನವಾಗಿ ಕಣ್ಣು ಬಿಟ್ಟಳು.

"ರೀ, ಆಯ್ತಾ ಟೆಸ್ಟು?"

"ಆಯ್ತು ಕಣೇ."

"ಏನಂದ್ರು?"

ಮುನಿರಾಮಯ್ಯ ಒಣಗಿದ ಗಂಟಲಲ್ಲಿ ಎಂಜಲು ನುಂಗಿದ. ಅದೂ ಎದೆಯಲ್ಲಿ ತಡೆದು ನಿಂತಂತಾಯಿತು.

"ಏಳು ವಾರ ಬಿಟ್ಟು ಹೇಳ್ತಾರಂತೆ."