ಹನ್ನೊಂದು ಸೆಕೆಂಡುಗಳ ದೃಷ್ಟಿಯುದ್ಧ

ಒಂದೇ ವಾರದಲ್ಲಿ ಪ್ರೀತಿ ತೋರಿಸುವ ವಿದ್ಯೆಯಲ್ಲಿ ಪಾರಂಗತಳಾಗಿಬಿಡುತ್ತೇನೆ ಎಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಪ್ರತಿಜ್ಞೆ ಮಾಡಿದೆ. ಬಾಯಿ ತುಂಬ ನೊರೆ ಇದ್ದದ್ದರಿಂದ ಅದು ‘ಗುಳುಗುಳು’ ಎಂದಷ್ಟೇ ಕೇಳಿಸಿತು. ಆದರೇನು, ಪ್ರತಿಜ್ಞೆ ಪ್ರತಿಜ್ಞೆಯೇ!

ನನಗೆ ಹದಿನೇಳು ವರ್ಷ. ಆಟಿಸಂ ಇದೆ. ಜನರ ಮನಸ್ಸಿನಲ್ಲಿರುವುದೆಲ್ಲ ಅವರ ಮುಖದ ಮೇಲೆ ಬರೆದಿರುತ್ತದಂತೆ. ನನಗೆ ಆ ಲಿಪಿ ಬರುವುದಿಲ್ಲ. ಅದೊಂದು ಬಿಟ್ಟರೆ ನಾನು ಮಹಾ ಬುದ್ಧಿವಂತೆ ಎಂದು ನನ್ನ ಸ್ವಂತ ಅಭಿಪ್ರಾಯ.

ನನಗೊಬ್ಬ ಹುಡುಗನೂ ಇದ್ದಾನೆ. ಆರಡಿ ಎರಡಂಗುಲ. ಎಲ್ಲರೂ ‘ಏಣಿ’ ಅಂತಾರೆ. ಕಾಲೇಜು ಮುಗಿದ ಮೇಲೆ ಸೋದರಮಾವನ ಕಣ್ಣಿನ ಕ್ಲಿನಿಕ್ಕಿನಲ್ಲಿ, ಕನ್ನಡಕದ ಕೌಂಟರಿನ ಹಿಂದೆ ಕೂರುತ್ತಾನೆ. ಪ್ರತಿ ಬುಧವಾರ ನಾಲ್ಕಕ್ಕೆ ಸರಿಯಾಗಿ ನಾನು ಅಲ್ಲಿಗೆ ಹೋಗುತ್ತೇನೆ. ಅವನ ಡ್ರಾಯರಿನ ಫ್ರೇಮುಗಳನ್ನೆಲ್ಲ ಬಣ್ಣ, ಅಳತೆ ನೋಡಿ ಜೋಡಿಸುತ್ತೇನೆ. ಆರು ಹೊಡೆದ ಕೂಡಲೇ ಎದ್ದು ಬರುತ್ತೇನೆ. ಇದಕ್ಕಿಂತ ಉತ್ಕಟ ಪ್ರೇಮ ಉಂಟೇ?

ಹಾಗೆಂದುಕೊಂಡಿದ್ದೆ. ಆದರೆ ಹಿಂದಿನ ಬುಧವಾರ ಅವನು ಗಾಜು ಒರೆಸುತ್ತಾ ಮೆಲ್ಲಗೆ ಕೇಳಿದ: “ನಿಂಗೆ ನಾನಂದ್ರೆ ಇಷ್ಟಾನಾ? ನಿಜವಾಗ್ಲೂ ಗೊತ್ತಾಗಲ್ಲ ಕಣೇ.”

ಆಗಲೇ ಗಡಿಯಾರ ಆರು ಹೊಡೆಯಬೇಕೆ? ಎದ್ದು ಬಂದುಬಿಟ್ಟೆ! ಮನೆ ಮುಟ್ಟಿದ ಮೇಲೆ ಉತ್ತರ ಹೊಳೆಯಿತು: ‘ಹೌದು’. ಮೂರು ದಿನ ಊಟ ಸೇರಲಿಲ್ಲ. ಇವನು ನನ್ನನ್ನು ಬಿಟ್ಟುಬಿಟ್ಟರೆ? ಇನ್ನೊಬ್ಬ ಏಣಿಯನ್ನು ನಾನೆಲ್ಲಿಂದ ತರಲಿ?

ಅದಕ್ಕೇ ಪ್ರತಿಜ್ಞೆ. ಬಾಯಿ ತೊಳೆದು ನೇರ ಅಕ್ಕನ ಬಳಿ ಹೋದೆ.

“ಅಯ್ಯೋ ಪೆದ್ದಿ, ಪ್ರೀತಿ ಅಂದ್ರೆ ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಕು!”

“ಎಷ್ಟು ಹೊತ್ತು?”

“ಅದಕ್ಕೆಲ್ಲ ಲೆಕ್ಕ ಇರುತ್ತಾ?”

“ಲೆಕ್ಕ ಇಲ್ಲದಿದ್ರೆ ನಿಲ್ಲಿಸೋದು ಯಾವಾಗ?”

ಅಕ್ಕ ತಲೆ ಕೆರೆದುಕೊಂಡು “ಹತ್ತು ಸೆಕೆಂಡು” ಎಂದಳು. ನಾನು ಉದಾರಿ. ಹನ್ನೊಂದು ಎಂದು ತೀರ್ಮಾನಿಸಿದೆ!

ಇನ್ನೊಬ್ಬರ ಕಣ್ಣು ನೋಡುವುದೆಂದರೆ ನನಗೆ ಉರಿಯುವ ಬಲ್ಬನ್ನೇ ನೋಡಿದ ಹಾಗೆ. ನೋಡಿದರೆ ಮಾತು ಕೇಳಿಸುವುದಿಲ್ಲ, ಕೇಳಿಸಬೇಕೆಂದರೆ ನೋಡಲಾಗುವುದಿಲ್ಲ. ಹಾಗಾಗಿ ಮನೆಯಲ್ಲೇ ಅಭ್ಯಾಸ ಶುರುಮಾಡಿದೆ. ಮೊದಲ ಗುರಿ, ಪೇಪರ್ ಓದುತ್ತಿದ್ದ ಅಪ್ಪ. ನಾಲ್ಕನೇ ಸೆಕೆಂಡಿಗೆ ಪೇಪರ್ ಕೆಳಗಿಳಿಯಿತು. ಏಳಕ್ಕೆ ಅಪ್ಪ ಕುರ್ಚಿಯಲ್ಲಿ ಒದ್ದಾಡಿದರು. ಒಂಬತ್ತಕ್ಕೆ, “ಆಯ್ತಮ್ಮ, ಒಪ್ಕೊಂಡೆ! ನಿನ್ನ ಹೆಡ್‌ಫೋನ್ ಮೇಲೆ ಕೂತಿದ್ದು ನಾನೇ!”

ಸೋಮವಾರ ಅಕ್ಕನ ಸರದಿ. ಸಲಹೆ ಕೊಟ್ಟವಳೇ ಆರು ಸೆಕೆಂಡಿಗೆ ಕುಸಿದಳು. “ನಿನ್ನ ನೀಲಿ ಸ್ವೆಟರ್ ಹಾಕ್ಕೊಂಡು ಹೋಗಿದ್ದೂ ನಾನೇ, ಕಾಫಿ ಚೆಲ್ಲಿದ್ದೂ ನಾನೇ!” ಪೊಲೀಸ್ ಇಲಾಖೆಯಲ್ಲಿ ನನ್ನಂಥವಳು ಒಬ್ಬಳಿದ್ದರೆ ಲಾಠಿಯೇ ಬೇಕಾಗಿಲ್ಲ! ಮಂಗಳವಾರ ಅಮ್ಮ ಮಾತ್ರ ಹನ್ನೊಂದೂ ಸೆಕೆಂಡು ಬಂಡೆಯ ಹಾಗೆ ನಿಂತಳು. ಹನ್ನೆರಡನೆಯದಕ್ಕೆ ನನ್ನ ಹಣೆ ಮುಟ್ಟಿ ಜ್ವರ ಇದೆಯಾ ನೋಡಿದಳು.

ಬುಧವಾರ ಬಂತು. ಕ್ಲಿನಿಕ್ಕಿನ ಬೆಂಚಿನ ಮೇಲೆ ಮೂವರು ರೋಗಿಗಳು. ಕೌಂಟರಿನ ಹಿಂದೆ ಏಣಿ. ನಾನು ಕಾಲೂರಿ ನಿಂತೆ. ಕಣ್ಣಲ್ಲಿ ಕಣ್ಣಿಟ್ಟೆ. ಒಂದು... ಎರಡು...

“ಏನಾಯ್ತು?” ಎಂದ. ಎಣಿಸುವವಳು ಉತ್ತರಿಸುವುದು ಹೇಗೆ? ಐದು... ಆರು... ರೆಪ್ಪೆ ಮಿಟುಕಿಸಬಹುದೋ ಇಲ್ಲವೋ ಎಂದು ಅಕ್ಕ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮಿಟುಕಿಸಲಿಲ್ಲ! ಎಂಟಕ್ಕೆ ಕಣ್ಣು ಕೆಂಪಾಯಿತು. ಒಂಬತ್ತಕ್ಕೆ ನೀರು ಧಾರಾಕಾರ.

“ಮಾಮಾ! ಬೇಗ ಬನ್ನಿ! ಇವಳ ಕಣ್ಣಿಗೆ ಏನೋ ಆಗಿದೆ!”

ಡಾಕ್ಟರ್ ಓಡಿ ಬಂದರು. ರೋಗಿಗಳೂ ಎದ್ದು ನಿಂತರು. ಸುತ್ತ ಗದ್ದಲ ಎದ್ದರೆ ನನ್ನ ಮಾತುಗಳು ಮುಷ್ಕರ ಹೂಡುತ್ತವೆ, ಗಂಟೆಯಾದರೂ ಒಂದೂ ಕೆಲಸಕ್ಕೆ ಬರುವುದಿಲ್ಲ. ಡಾಕ್ಟರ್ ಅಮ್ಮನಿಗೆ ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ಅಮ್ಮನ ದನಿ ಇಡೀ ಕ್ಲಿನಿಕ್ಕಿಗೆ ಕೇಳಿಸಿತು.

“ಹೌದು ಡಾಕ್ಟ್ರೇ! ಮೂರು ದಿನದಿಂದ ಮನೆಯವರನ್ನೆಲ್ಲ ದುರುಗುಟ್ಟಿ ನೋಡ್ತಿದ್ದಾಳೆ! ನೀವು ಏನು ಪರೀಕ್ಷೆ ಬೇಕೋ ಮಾಡಿ!”

ಮುಗಿಯಿತು! ಯಂತ್ರದ ಮೇಲೆ ಗಲ್ಲ ಇಡಿಸಿದರು. ಕಣ್ಣಿಗೆ ದೀಪ ಬಿಟ್ಟರು. ಹನಿ ಹಾಕಿ ಅರ್ಧ ಗಂಟೆ ಕಣ್ಣು ಮುಚ್ಚಿಸಿ ಕೂರಿಸಿದರು. ಕೊನೆಗೆ ತೀರ್ಪು ಬಂತು.

“ಇಷ್ಟು ಒಳ್ಳೇ ಕಣ್ಣು ಈ ವರ್ಷ ನಾನು ನೋಡೇ ಇಲ್ಲ! ಆದ್ರೆ ಹನಿ ಹಾಕಿದೀನಲ್ಲ, ನಾಲ್ಕೈದು ಗಂಟೆ ಎಲ್ಲಾ ಮಸುಕು. ಲೋ ಏಣಿ, ಇವಳನ್ನ ಮನೆ ಮುಟ್ಟಿಸಿ ಬಾ.”

ಬೀದಿಯಲ್ಲಿ ಸಂಜೆ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. “ಕೈ ಹಿಡ್ಕೊಳ್ಲಾ, ತೋಳು ಹಿಡ್ಕೊಳ್ಲಾ?” ಎಂದು ಕೇಳಿದ.

“ತೋಳು. ಗಟ್ಟಿಯಾಗಿ. ಮೆತ್ತಗೆ ಹಿಡಿದ್ರೆ ಇರುವೆ ಹರಿದ ಹಾಗಾಗುತ್ತೆ.”

ಗಟ್ಟಿಯಾಗಿ ಹಿಡಿದ. ತಿರುಗಿ ಅವನ ಮುಖ ನೋಡಿದೆ. ಬಿಸಿನೀರಿನ ಹಬೆ ಕೂತ ಕನ್ನಡಿಯ ಹಾಗಿತ್ತು, ಅದರಲ್ಲಿ ಕಣ್ಣೇ ಇಲ್ಲ! ಬಲ್ಬು ಆರಿತ್ತು. ಮುಷ್ಕರ ಮುರಿದು ಉಳಿದ ಮಾತುಗಳೆಲ್ಲ ಒಟ್ಟಿಗೆ ಹೊರಬಂದವು.

“ಇಷ್ಟ. ಹೋದ ಬುಧವಾರ ಕೇಳಿದೆಯಲ್ಲ, ಅದರ ಉತ್ತರ. ಬರೋದು ಸ್ವಲ್ಪ ತಡವಾಯ್ತು.”

ಅವನು ನಿಂತುಬಿಟ್ಟ. “ಮತ್ತೆ ಇವತ್ತು ಯಾಕೆ ಹಾಗೆ ಗುರಾಯಿಸಿದೆ?”

“ಗುರಾಯಿಸಿದ್ದಲ್ಲ! ಅದು ಪ್ರೀತಿ!”

ಬೀದಿ ಮಧ್ಯೆ ಹೊಟ್ಟೆ ಹಿಡಿದುಕೊಂಡು ನಕ್ಕ. “ಇಡೀ ಸಂಜೆ ಜನ ನನ್ನ ಮೂಗಿನ ಹತ್ರ ಮುಖ ತಂದು ‘ಇದು ಒಪ್ಪುತ್ತಾ?’ ಅಂತ ಕಣ್ಣು ಬಿಡ್ತಾರೆ ಕಣೇ! ಹಾಗೆ ನೋಡದೇ ಇರೋಳು ನೀನೊಬ್ಬಳೇ. ನಂಗೆ ಅದೇ ಆರಾಮ!”

“ಹಾಗಾದ್ರೆ ಇಷ್ಟ ಅಂತ ಹೇಗೆ ತೋರಿಸ್ಬೇಕು?”

ಅವನು ಯೋಚಿಸಿ ಹೇಳಿದ. “ಹೊರಡೋವಾಗ ‘ಹೋಗಿ ಬರ್ತೀನಿ’ ಅನ್ನು. ಆರು ಹೊಡೆದ್ರೆ ಮಾತಿನ ಮಧ್ಯೆ ಎದ್ದು ಹೋಗ್ತೀಯ. ಏನಾದ್ರೂ ತಪ್ಪು ಮಾತಾಡಿದೆನಾ ಅಂತ ಗುರುವಾರವಿಡೀ ತಲೆ ಕೆಡಿಸ್ಕೊಂಡು ಕೂತಿರ್ತೀನಿ.”

ಅಷ್ಟೂ ಗುರುವಾರಗಳು!

“ಇಷ್ಟೇನಾ? ಮೊದಲೇ ಹೇಳಬಾರದಿತ್ತಾ?”

“ನೀನು ಕೇಳಬಾರದಿತ್ತಾ?”

ನಿಜ. ಅಕ್ಕನನ್ನು ಕೇಳಿದೆ, ಅಪ್ಪ ಅಮ್ಮನ ಮೇಲೆ ಪ್ರಯೋಗ ಮಾಡಿದೆ. ಯಾರಿಗೆ ಬೇಕಿತ್ತೋ ಅವನನ್ನೊಬ್ಬನನ್ನು ಬಿಟ್ಟು! ಆದರೆ ನನ್ನ ಕಡೆಯದೂ ಒಂದು ದೂರಿತ್ತಲ್ಲ.

“ನಿನ್ನ ಡ್ರಾಯರ್ ಜೋಡಿಸ್ತೀನಲ್ಲ, ಅದು ಏನು ಅಂದ್ಕೊಂಡೆ?”

“ಅದು... ನನಗೋಸ್ಕರಾನಾ?”

“ಇನ್ನೂರ ಹದಿನಾಲ್ಕು ಫ್ರೇಮು! ಮತ್ತೆ ಯಾರಿಗೋಸ್ಕರ?”

“ನಿಂಗೆ ಫ್ರೇಮಂದ್ರೆ ಇಷ್ಟ ಅಂದ್ಕೊಂಡಿದ್ದೆ!”

“ಫ್ರೇಮೂ ಇಷ್ಟ” ಎಂದೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ.

ಅವನು ತೋಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ. ಆ ಲಿಪಿ ನನಗೆ ಸಲೀಸಾಗಿ ಓದಲು ಬಂತು! ಗೆದ್ದೆ ಎನಿಸಿತು. ನಮ್ಮ ಮನೆಯ ಮೂರು ಮೆಟ್ಟಿಲು ಹತ್ತುವಾಗ ನಾನು ನೆಲದಿಂದ ಒಂದಡಿ ಮೇಲಿದ್ದೆ.

ಮೆಟ್ಟಿಲು ಮುಗಿದದ್ದೇ ಅವನು ತೋಳು ಬಿಟ್ಟ. ಹೊಸ ಪಾಠ ಒಪ್ಪಿಸುವ ಹೊತ್ತು. ಬಾಗಿಲ ಬಳಿ, ಬೆಳಕಿನ ಮಂಜಿನಲ್ಲಿ, ಎತ್ತರದ ಆಕೃತಿಯೊಂದು ನನ್ನೆದುರು ನಿಂತಿತ್ತು. ತಲೆ ಎತ್ತಿದೆ. ಕಣ್ಣು ಇರಬೇಕಾದ ಜಾಗವನ್ನು ದಿಟ್ಟವಾಗಿ ನೋಡಿದೆ.

“ನಾನೀಗ ಹೊರಡ್ತಾ ಇದೀನಿ. ನಂಗೆ ನಿನ್ನ ಮೇಲೆ ಕೋಪ ಇಲ್ಲ. ನೀನಂದ್ರೆ ತುಂಬಾ ಇಷ್ಟ. ಹೋಗಿ ಬರ್ತೀನಿ.”

ಆಕೃತಿಯ ಮೂಗು ಸೊರ್‌ ಎಂದಿತು.

“ನಂಗೂ ನೀನಂದ್ರೆ ಪ್ರಾಣ ಮಗಳೇ” ಅಪ್ಪನ ದನಿ! “ಆದ್ರೆ ಈಗ ತಾನೇ ಬಂದಿದೀಯ, ಮತ್ತೆಲ್ಲಿಗೆ ಹೊರಟೆ?”

ಎಡಗಡೆಯಿಂದ ಏಣಿ ಗಾಬರಿಯಾಗಿ ಕೂಗಿದ: “ಅಂಕಲ್, ಅದು ನಂದು! ವಿಳಾಸ ತಪ್ಪಿ ನಿಮಗೆ ಬಂದಿದೆ!”

“ತಪ್ಪೋ ಸರಿಯೋ, ಕೈಗೆ ಬಂದದ್ದನ್ನ ನಾನು ವಾಪಸ್ ಕೊಡೋನಲ್ಲ!” ಎಂದರು ಅಪ್ಪ, ಕಣ್ಣೊರೆಸಿಕೊಳ್ಳುತ್ತಾ. “ನಿಂಗೆ ಬೇಕಿದ್ರೆ ಬೇರೆ ಕೇಳ್ಕೊಳ್ಳಪ್ಪ!”

ಅವನು ಕೇಳಿದ. ಮೊದಲಿನಿಂದ ಕೊನೆಯವರೆಗೂ ಇನ್ನೊಮ್ಮೆ ಹೇಳಿದೆ. ಆದರೆ ಈ ಸಲ, ಬಾಯಿ ಬಿಡುವ ಮುಂಚೆ, “ನೀನು ಯಾರು?” ಎಂದು ವಿಚಾರಿಸಿಕೊಂಡು!